ಸೀಟು ಸಿಗಲೆಂದು ಮನೆ ಬದಲಿಸಿದೆವು

ಮೆಟ್ರೊದಲ್ಲಿ ಕೂತು ಹೋಗಬೇಕೆಂದೇ ನಾವು ಬಾಡಿಗೆ ಮನೆ ಬದಲಿಸಿದೆವು. ಉತ್ತರಹಳ್ಳಿಯ ಒಳಗೆ 13,000 ಕೊಡುತ್ತಿದ್ದವರು, ರೈಲು ತುಂಬುವ ಮೊದಲೇ ಹತ್ತಬಹುದಾದ ಕೆಂಗೇರಿ ನಿಲ್ದಾಣಕ್ಕೆ ನಡೆದೇ ಹೋಗಬಹುದಾದ 18,000ದ ಮನೆಗೆ ಬಂದೆವು. ಅಡ್ವಾನ್ಸ್ ಕೂಡ 50,000 ಹೆಚ್ಚು. "ಅದೇ ದುಡ್ಡಲ್ಲಿ ಕಾರೇ ಬರ್ತಿತ್ತಲ್ಲಪ್ಪಾ" ಎಂದರು ನೆಂಟರು. ಬರುತ್ತಿರಲಿಲ್ಲ.

ಮುಂಚೆ ಬನಶಂಕರಿವರೆಗೆ ಬಸ್ಸು. ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲದಿದ್ದರೂ ಕಂಡಕ್ಟರ್ "ಒಳಗೆ ಹೋಗ್ರೀ, ಮಧ್ಯ ಖಾಲಿ ಇದೆ" ಎನ್ನುತ್ತಿದ್ದರು. ಆಮೇಲೆ ಹಸಿರು ಮಾರ್ಗ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ. ಅಲ್ಲಿ ಬ್ಯಾಗನ್ನು ಎದೆಗೆ ಅವುಚಿಕೊಂಡು, ಬಂದ ರೈಲನ್ನು ಬಿಟ್ಟು ಮುಂದಿನದಕ್ಕೆ ಕಾಯಬೇಕು. ಸಂಜೆ ಮನೆ ಸೇರುವಾಗ ಒಲೆ ಹಚ್ಚಲು ಯಾರಿಗೂ ತ್ರಾಣವಿರುತ್ತಿರಲಿಲ್ಲ. ಊಟ ಹೋಟೆಲಿನಿಂದ ಬರುತ್ತಿತ್ತು. ಮಳೆ ಹನಿದರೆ ಆಟೊ. ರಶ್ಶಿನ ಖರ್ಚು ಟಿಕೆಟ್‌ನಲ್ಲಿ ಕಾಣುವುದಿಲ್ಲ, ಇಂಥ ಕಡೆ ಸೋರುತ್ತದೆ.

ಈಗ ಕಾರಿನ ಲೆಕ್ಕ. 6 ಲಕ್ಷ ಸಾಲ, 9% ಬಡ್ಡಿ, 7 ವರ್ಷ: ಇಎಂಐ ಸುಮಾರು 9,650. ಎಂ.ಜಿ. ರಸ್ತೆಯ ಆಫೀಸಿಗೆ ಹೋಗಿಬರಲು ದಿನಕ್ಕೆ 30 ಕಿ.ಮೀ. ಎಂದರೆ, 22 ದಿನಕ್ಕೆ 660. ಟ್ರಾಫಿಕ್‌ನಲ್ಲಿ ಲೀಟರಿಗೆ 12 ಕಿ.ಮೀ. ಸಿಕ್ಕರೆ 55 ಲೀಟರ್. ಪೆಟ್ರೋಲ್ 100 ರೂಪಾಯಿ ಎಂದರೂ 5,500. ವಿಮೆ, ಸರ್ವಿಸ್, ಪಾರ್ಕಿಂಗ್ ಸೇರಿ 4,000. ಒಟ್ಟು 19,150.

ನಮ್ಮದು? ಹೆಚ್ಚುವರಿ ಬಾಡಿಗೆ 5,000. ಅಡ್ವಾನ್ಸಿನಲ್ಲಿ ಸಿಕ್ಕಿಕೊಂಡ 50,000ಕ್ಕೆ 6%ರಂತೆ ತಿಂಗಳಿಗೆ 250. 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90ಕ್ಕೆ ಏರಿದಾಗ ನಮಗೂ ಹೊಟ್ಟೆ ಉರಿದಿತ್ತು. ಆಗಿನ ಸ್ಲ್ಯಾಬಿನಂತೆ 15-20 ಕಿ.ಮೀ.ಗೆ 70, ಸ್ಮಾರ್ಟ್ ಕಾರ್ಡಿನ 5% ಕಳೆದರೆ ಹೋಗಿಬರಲು 133, ತಿಂಗಳಿಗೆ 2,926. ಒಟ್ಟು 8,176. ವ್ಯತ್ಯಾಸ ಹತ್ತಿರ ಹತ್ತಿರ 11,000.

ಈ 7 ವರ್ಷದ ಕಾರ್ ಸಾಲ ಕಂಡರೆ ನನಗೆ ಸಿಟ್ಟು ಬರುತ್ತದೆ. 5 ವರ್ಷಕ್ಕಾದರೆ ಬಡ್ಡಿ 1.47 ಲಕ್ಷ, 7ಕ್ಕೆ ಎಳೆದರೆ 2.11 ಲಕ್ಷ. ಷೋರೂಮಿನವರು "ಇಎಂಐ ಕಡಿಮೆ ಸಾರ್" ಎನ್ನುತ್ತಾರೆಯೇ ಹೊರತು ಬಡ್ಡಿಯ ಮೊತ್ತವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಬಸ್ಸಿನಲ್ಲಿ ನಜ್ಜುಗುಜ್ಜಾದ ಸಂಜೆ ಅಂಥ ಮಾತು ಕಿವಿಗೆ ಹಿತವಾಗಿಯೇ ಇರುತ್ತದೆ. ಆ ಸಂಜೆ ಸಹಿ ಹಾಕಬೇಡಿ. ಮೊದಲು ಮೂರು ತಿಂಗಳ ಆಟೊ, ಹೋಟೆಲ್ ಬಿಲ್ ಕೂಡಿಸಿ. ಆಫೀಸಿನವರು ಒಪ್ಪಿದರೆ 8 ಗಂಟೆಗೆ ಮುಂಚೆ ಹೊರಡಿ: ಕಾರ್ಡಿನ ರಿಯಾಯಿತಿ 10% ಆಗುತ್ತದೆ, ನಿಲ್ಲಲು ಜಾಗವೂ ಇರುತ್ತದೆ. ಮನೆಯ ಹೆಂಗಸರು ಬಿಎಂಟಿಸಿಯಲ್ಲಿ ಓಡಾಡುವವರಾದರೆ ಶಕ್ತಿ ಯೋಜನೆಯ ಉಳಿತಾಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದಾಗ ಓನರ್ 5% ಏರಿಸುತ್ತಾರೆ, ಅಂದರೆ 900. ಅದನ್ನು ಈಗಲೇ ಬಜೆಟ್‌ನಲ್ಲಿ ಬರೆದಿಟ್ಟಿದ್ದೇವೆ.