ಶತಾಯುಷಿ ಸೈಕಲ್ ಪಟು ರೊಬೇರ್ ಮಾರ್ಶಾಂ

ಮುಪ್ಪಡರಿದ ಮೇಲೆ ಶರೀರಕ್ಕೆ ಇಳಿಮುಖವೊಂದೇ ಗತಿಯೆಂಬುದು ಲೋಕದ ನಂಬುಗೆ. ಈ ನಂಬುಗೆಯನ್ನು ಅಲುಗಿಸಿದವರು ಫ್ರಾನ್ಸ್ ದೇಶದ ರೊಬೇರ್ ಮಾರ್ಶಾಂ ಅವರು. ಜಮಖಂಡಿ, ಮುಧೋಳ, ಬೀಳಗಿಗಳ ಕಬ್ಬಿನ ಸೀಮೆಯಲ್ಲಿಯೂ ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಿಯೂ ಸೈಕಲ್ಲು ಚಿರಪರಿಚಿತ ವಾಹನ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ನಾಡಿಗೆ ಅನೇಕ ಸೈಕಲ್ ಪಟುಗಳನ್ನು ನೀಡಿವೆ. ಆದುದರಿಂದ ಇವರ ಚರಿತ್ರೆಯು ಇಲ್ಲಿಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಮನನೀಯವಾಗಿದೆ.

ಮಾರ್ಶಾಂ ಅವರು 1911ರ ನವೆಂಬರ್ 26ರಂದು ಆಮಿಯೆಂ ನಗರದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಪಂದ್ಯಗಳಿಗೆ ಇಳಿದರೂ, ಕುಳ್ಳ ದೇಹದವನಿಗೆ ಈ ಕ್ರೀಡೆಯಲ್ಲಿ ಏಳಿಗೆಯಿಲ್ಲವೆಂದು ತರಬೇತುದಾರರು ನಿರುತ್ಸಾಹಗೊಳಿಸಿದರು. ಮುಂದೆ ಅವರು ಅಗ್ನಿಶಾಮಕ ದಳದಲ್ಲಿ ದುಡಿದರು; ವೆನೆಜುವೆಲಾದಲ್ಲಿ ಕಬ್ಬು ಬೆಳೆದರು; ಕೆನಡಾದಲ್ಲಿ ಮರ ಕಡಿದರು. ಅರುವತ್ತೈದು ದಾಟಿದ ತರುವಾಯವೇ ಸೈಕಲ್ಲನ್ನು ಮತ್ತೆ ಶ್ರದ್ಧೆಯಿಂದ ಹಿಡಿದದ್ದು.

ಸೈಕಲ್ ಪಂದ್ಯಗಳ ಅಂಡಾಕಾರದ ಪಥವು ತಿರುವುಗಳಲ್ಲಿ ಒಳಮುಖವಾಗಿ ಇಳಿಜಾರಾಗಿರುತ್ತದೆ. ಅಲ್ಲಿ ಬಳಸುವ ಸೈಕಲ್ಲಿಗೆ ಬ್ರೇಕು ಇಲ್ಲ. ಚಕ್ರ ತಿರುಗುವವರೆಗೂ ಪೆಡಲು ತಿರುಗಲೇಬೇಕು. ಒಂದು ಗಂಟೆಯಲ್ಲಿ ಎಷ್ಟು ದೂರ ಕ್ರಮಿಸಲಾಯಿತು ಎಂಬುದೇ 'ಗಂಟೆಯ ದಾಖಲೆ'. ನೂರು ದಾಟಿದವರ ವರ್ಗದಲ್ಲಿ ಮಾರ್ಶಾಂ ಅವರು 2012ರಲ್ಲಿ 24.25 ಕಿಲೋಮೀಟರ್ ಕ್ರಮಿಸಿದರು. 2014ರಲ್ಲಿ, 102ನೆಯ ವಯಸ್ಸಿನಲ್ಲಿ, ಅದನ್ನು 26.927ಕ್ಕೆ ಏರಿಸಿದರು.

ವಯಸ್ಸು ಹೆಚ್ಚಿದಂತೆ ವೇಗವೂ ಹೆಚ್ಚಿದ್ದು ಹೇಗೆ? ಶರೀರಕ್ರಿಯಾ ವಿಜ್ಞಾನಿ ವೆರೋನಿಕ್ ಬಿಲ್ಲಾ ಅವರು ಇದನ್ನು ಪರೀಕ್ಷಿಸಿದರು. ಎರಡು ವರ್ಷಗಳ ಕಾಲ ಮಾರ್ಶಾಂ ವರ್ಷಕ್ಕೆ ಸುಮಾರು 5,000 ಕಿಲೋಮೀಟರ್ ಸೈಕಲ್ಲು ತುಳಿದರು. ಅದರಲ್ಲಿ ನೂರಕ್ಕೆ 80 ಪಾಲು ಹಗುರವಾದ ಶ್ರಮ, 20 ಪಾಲು ಮಾತ್ರ ಬಿರುಸಿನದು. ದೇಹವು ನಿಮಿಷಕ್ಕೆ ಬಳಸಿಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣವು, ತೂಕದ ಪ್ರತಿ ಕಿಲೋಗ್ರಾಮಿಗೆ, 31 ಮಿಲಿಲೀಟರಿನಿಂದ 35ಕ್ಕೆ ಏರಿತು. ತುಳಿತದ ಗರಿಷ್ಠ ಬಲವು 90 ವಾಟಿನಿಂದ 125ಕ್ಕೆ ಏರಿತು. ಒಬ್ಬರ ಪರೀಕ್ಷೆಯಿಂದ ಸರ್ವರಿಗೂ ನಿಯಮ ವಿಧಿಸಲಾಗದು. ಆದರೂ ನೂರು ಕಳೆದ ಶರೀರವೂ ಅಭ್ಯಾಸಕ್ಕೆ ಓಗೊಡಬಲ್ಲುದೆಂಬುದು ಇದರಿಂದ ಸ್ಪಷ್ಟವಾಯಿತು.

2017ರ ಜನವರಿ 4ರಂದು, 105ನೆಯ ವಯಸ್ಸಿನಲ್ಲಿ, ಅವರು ಗಂಟೆಗೆ 22.547 ಕಿಲೋಮೀಟರ್ ಕ್ರಮಿಸಿದರು. ಇನ್ನು ಹತ್ತು ನಿಮಿಷ ಉಳಿದಿವೆಯೆಂಬ ಫಲಕ ಕಣ್ಣಿಗೆ ಬೀಳಲಿಲ್ಲ, ಬಿದ್ದಿದ್ದರೆ ಇನ್ನೂ ವೇಗವಾಗಿ ಹೋಗುತ್ತಿದ್ದೆನೆಂಬುದೇ ಅವರ ಕೊರಗಾಗಿತ್ತು! 2021ರ ಮೇ ತಿಂಗಳಲ್ಲಿ, 109 ವರ್ಷ ತುಂಬಿದ ಬಳಿಕ, ಅವರು ನಿಧನರಾದರು.

ಎಳೆಯ ವಯಸ್ಸಿನಲ್ಲಿ ಹಿರಿಯರೊಬ್ಬರು ನುಡಿದ 'ಆಗದು' ಎಂಬ ಮಾತು ಅಂತಿಮ ತೀರ್ಪಲ್ಲ. ಮಿತವಾದ, ನಿತ್ಯವಾದ ಅಭ್ಯಾಸವು ತಡವಾಗಿಯಾದರೂ ಫಲ ಕೊಡಬಲ್ಲುದು. ಊರಿಂದ ಶಾಲೆಗೆ ದಿನವೂ ಸೈಕಲ್ಲು ತುಳಿದು ಬರುವ ವಿದ್ಯಾರ್ಥಿಗಳು ಮಾರ್ಶಾಂ ಅವರ ಜೀವನದಿಂದ ಗ್ರಹಿಸತಕ್ಕದ್ದು ಇದನ್ನೇ.