ಬೇಲಿಯ ನಿತ್ಯಕಲ್ಯಾಣಿ, ಆಸ್ಪತ್ರೆಯ ವಿಂಕ್ರಿಸ್ಟಿನ್

ನಲ್ಲಂಪಳ್ಳಿ ಕಡೆ ಬೇಲಿ ಬದಿಯಲ್ಲಿ, ಮನೆ ಹಿತ್ತಲಲ್ಲಿ ಐದು ದಳದ ನಸುಗೆಂಪು ಹೂವನ್ನು ನೋಡಿರುತ್ತೀರಿ. ಇಲ್ಲಿ ನಿತ್ಯಕಲ್ಯಾಣಿ ಅಂತಾರೆ. ಕರ್ನಾಟಕದಲ್ಲಿ ಕಾಶಿ ಕಣಗಿಲೆ, ನಿತ್ಯಪುಷ್ಪ. ದನಕರು ಬಾಯಿ ಹಾಕದ ಗಿಡ. ಇದರ ಎಲೆಯಿಂದ ಕ್ಯಾನ್ಸರಿಗೆ ಔಷಧಿ ಬಂದಿರುವುದು ನಿಜ. ಹಾಗಾದರೆ ಕ್ಯಾನ್ಸರ್ ಬಂದವರು ಈ ಎಲೆಯ ಕಷಾಯ ಕುಡಿದರೆ ಸಾಲದೇ? ಉತ್ತರ ಬೇಕಾದರೆ ಔಷಧಿ ಹೇಗೆ ಬಂತು ಎಂದು ತಿಳಿಯಬೇಕು.

ಜಮೈಕಾ ದ್ವೀಪದ ಜನ ಸಕ್ಕರೆ ಕಾಯಿಲೆಗೆ ಈ ಎಲೆಯ ಟೀ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಅಲ್ಲಿಂದ ಬಂದ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ ಪರೀಕ್ಷಿಸಿದರು. ಎಲೆಯ ಸಾರವನ್ನು ಇಲಿಗಳಿಗೆ ಕುಡಿಸಿದರು. ರಕ್ತದ ಸಕ್ಕರೆ ಇಳಿಯಲಿಲ್ಲ. ಚುಚ್ಚುಮದ್ದಾಗಿ ಕೊಟ್ಟರು, ಇಲಿಗಳು ಸೋಂಕು ತಗುಲಿ ಸತ್ತವು. ನೋಡಿದರೆ ಅವುಗಳ ಬಿಳಿ ರಕ್ತಕಣಗಳು ಕುಸಿದಿದ್ದವು. ಇನ್ನೊಬ್ಬರಾಗಿದ್ದರೆ ಎಲೆಗಳನ್ನು ಕಸಕ್ಕೆ ಹಾಕುತ್ತಿದ್ದರೇನೋ! ಆದರೆ ರಕ್ತ ಕ್ಯಾನ್ಸರಿನಲ್ಲಿ ಬಿಳಿ ರಕ್ತಕಣಗಳೇ ಅಲ್ಲವೇ ಹತೋಟಿ ತಪ್ಪಿ ಬೆಳೆಯುವುದು? ನೋಬಲ್ ಮತ್ತು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಆ ಜಾಡು ಹಿಡಿದರು. ಎಲೆಯಿಂದ ವಿನ್‌ಬ್ಲಾಸ್ಟಿನ್ ಎಂಬ ವಸ್ತುವನ್ನು ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಅದೇ ಗಿಡದ ಇನ್ನೊಂದು ವಸ್ತು ವಿಂಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಮಕ್ಕಳ ರಕ್ತ ಕ್ಯಾನ್ಸರಿಗೆ ಇತರ ಔಷಧಿಗಳ ಜೊತೆ ಇಂದಿಗೂ ಅದನ್ನು ಕೊಡುತ್ತಾರೆ.

ಕೋಶ ವಿಭಜನೆಯ ಪಾಠ ನೆನಪಿದೆಯೇ? ವರ್ಣತಂತುಗಳನ್ನು ಎರಡು ಬದಿಗೆ ಎಳೆಯುವ ಕದಿರಿನ ಎಳೆಗಳಿವೆಯಲ್ಲ, ವಿಂಕ್ರಿಸ್ಟಿನ್ ಅವು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಕೋಶ ಇಬ್ಭಾಗವಾಗಲಾರದೆ ಸಾಯುತ್ತದೆ. ನಮ್ಮ ನರಗಳಲ್ಲೂ ಅಂಥದೇ ಎಳೆಗಳಿರುವುದರಿಂದ ಔಷಧಿ ಹೆಚ್ಚಾದರೆ ನರಕ್ಕೆ ಪೆಟ್ಟು. ಅದಕ್ಕೇ ಒಂದು ಸಲಕ್ಕೆ ಸಾಮಾನ್ಯವಾಗಿ 2 ಮಿಲಿಗ್ರಾಂ ದಾಟಿಸುವುದಿಲ್ಲ, ಅದನ್ನೂ ರಕ್ತನಾಳಕ್ಕೆ ಮಾತ್ರ ಕೊಡುತ್ತಾರೆ. ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಹಿಡಿ ಎಲೆ ಕುದಿಸಿದ ಲೋಟದಲ್ಲಿ ಔಷಧಿ ಎಷ್ಟು, ಬೇರೆ ವಿಷ ಎಷ್ಟು, ಅಳೆದವರು ಯಾರು?

ಆದರೂ ಜನ ಹೋಗುತ್ತಾರೆ. ಶಿವಮೊಗ್ಗ ಜಿಲ್ಲೆಯ ನರಸೀಪುರದಲ್ಲಿ ನಾರಾಯಣಮೂರ್ತಿ ಎಂಬ ನಾಟಿ ವೈದ್ಯರು ಮರದ ತೊಗಟೆ ಕೊಡುತ್ತಿದ್ದರು. 2020ರಲ್ಲಿ ಅವರು ತೀರಿಕೊಳ್ಳುವವರೆಗೂ ದೂರದೂರದ ಕ್ಯಾನ್ಸರ್ ರೋಗಿಗಳು ಅವರ ಮನೆ ಮುಂದೆ ಸಾಲು ನಿಲ್ಲುತ್ತಿದ್ದರು. ಅವರನ್ನು ನೋಡಿ ನಗಬಾರದು. ಕೂದಲು ಉದುರುತ್ತದೆಂಬ ಭಯ, ಸೇಲಂಗೋ ಚೆನ್ನೈಗೋ ಅಲೆದಾಟ, ಕೂಲಿ ತಪ್ಪುವ ಚಿಂತೆ, ಎಲ್ಲವೂ ನಿಜವೇ.

ಆದರೆ ಕಾಲ ಕಾಯುವುದಿಲ್ಲ. 2018ರ ಒಂದು ಅಮೆರಿಕದ ಅಧ್ಯಯನ ನೋಡಿ. ಸ್ತನ, ಶ್ವಾಸಕೋಶ, ಕರುಳು, ಪ್ರಾಸ್ಟೇಟ್ ಕ್ಯಾನ್ಸರ್ ಬಂದು, ಅದು ದೇಹದ ಬೇರೆಡೆ ಹರಡುವ ಮೊದಲೇ ಗೊತ್ತಾಗಿದ್ದವರು ಅವರು. ಅವರಲ್ಲಿ 281 ಮಂದಿ ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬದಲಿ ಚಿಕಿತ್ಸೆಯನ್ನೇ ನೆಚ್ಚಿದರು. ಆಸ್ಪತ್ರೆ ಚಿಕಿತ್ಸೆ ಪಡೆದ 560 ಮಂದಿಗೆ ಹೋಲಿಸಿದರೆ ಇವರ ಸಾವಿನ ಅಪಾಯ 2.5 ಪಟ್ಟು. ಗುಣವಾಗಬಹುದಾಗಿದ್ದ ಗಡ್ಡೆಗೆ ಬೆಳೆಯಲು ಬಿಡುವು ಸಿಕ್ಕಿತು.

ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರೂ ಬಹಳ. ಬೈಯುತ್ತಾರೆಂದು ಡಾಕ್ಟರಿಗೆ ಹೇಳುವುದಿಲ್ಲ. ಕೆಲವು ಗಿಡಮೂಲಿಕೆಗಳು ರಕ್ತದಲ್ಲಿ ಔಷಧಿಯ ಮಟ್ಟವನ್ನೇ ಏರಿಳಿಸುತ್ತವೆ. ಮನೆಯಲ್ಲಿ ಯಾರಾದರೂ ಕಷಾಯ ಕುಡಿಯುತ್ತಿದ್ದರೆ ಆ ಸೊಪ್ಪನ್ನೇ ಆಸ್ಪತ್ರೆಗೆ ಒಯ್ದು ತೋರಿಸಲಿ.

ಯೋಚಿಸಿ ಬರೆಯಿರಿ: "ಆ ಮದ್ದು ಕುಡಿದ ಮೂವರು ವಾಸಿಯಾದರು" ಎಂದು ಯಾರೋ ಹೇಳಿದರು. ಕುಡಿದವರು ಒಟ್ಟು ಎಷ್ಟು? ಅವರಿಗೆ ಕ್ಯಾನ್ಸರ್ ಇದೆಯೆಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು? ಮೊದಲೇ ಆಪರೇಷನ್ ಆಗಿತ್ತೇ? ಇನ್ನೂ ಎರಡು ಪ್ರಶ್ನೆಗಳನ್ನು ನೀವೇ ಸೇರಿಸಿ.