ಪಂಪಿನ ಎಂಜಿನ್ನು ಬಡಿಯುವುದೇಕೆ?



ಕಾಲುವೆಯಲ್ಲಿ ನೀರು ನಿಂತು ಕರೆಂಟೂ ಇಲ್ಲದ ಹೊತ್ತಿನಲ್ಲಿ, ಕಂಪ್ಲಿಯ ಹೊಳೆದಂಡೆಯ ಗದ್ದೆಗಳಿಗೆ ಎಂಜಿನ್ ಪಂಪೇ ಆಸರೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯನ್ನೇ ನೆಚ್ಚಿದವರಿಗೆ ಆದ ಆತಂಕ ನೆನಪಿದೆಯಷ್ಟೆ. ಅಂಥ ಸಮಯದಲ್ಲಿ ಎಂಜಿನ್ನು ‘ಟಣ್ ಟಣ್’ ಎಂದು ಬಡಿದು ಪಿಸ್ಟನ್ ತೂತಾದರೆ, ತೆನೆ ಕಟ್ಟುವ ಭತ್ತ ಒಣಗುತ್ತದೆ. ಪೆಟ್ರೋಲ್ ಎಂಜಿನ್ನಿನ ಈ ಬಡಿತದ ಕಾರಣವನ್ನು ತಿಳಿಯೋಣ.

ಒತ್ತಡದ ಪ್ರಮಾಣ

ಪಿಸ್ಟನ್ ಕೆಳಗಿರುವಾಗ ಅದರ ಮೇಲಿನ ಜಾಗ 240 ಸಿ.ಸಿ., ಮೇಲೇರಿದಾಗ ಉಳಿಯುವುದು 40 ಸಿ.ಸಿ. ಎಂದಿಟ್ಟುಕೊಳ್ಳಿ. ಗಾಳಿ-ಪೆಟ್ರೋಲಿನ ಮಿಶ್ರಣ ಆರರಲ್ಲೊಂದು ಪಾಲಿಗೆ ಕುಗ್ಗಿತು. ಇದು 6ಕ್ಕೆ 1ರ ಪ್ರಮಾಣ. ಹೆಡ್ಡನ್ನು ತೇಯಿಸಿ 40ನ್ನು 32ಕ್ಕೆ ಇಳಿಸಿದರೆ ಪ್ರಮಾಣ 7ನ್ನು ದಾಟುತ್ತದೆ. ಶಕ್ತಿ ಹೆಚ್ಚುವುದು ನಿಜ, ಕಾವೂ ಹೆಚ್ಚುತ್ತದೆ. ಕಾವು ಮಿತಿಮೀರಿದರೆ, ಪ್ಲಗ್ಗಿನ ಕಿಡಿಯಿಂದ ಹಬ್ಬುವ ಉರಿ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಬಡಿತವೆಂದರೆ ಇದೇ.

ಕಿಡಿಯ ಹೊತ್ತು

ಮಿಶ್ರಣ ಉರಿಯಲು ತುಸು ಕಾಲ ಬೇಕು. ಆದುದರಿಂದ ಪಿಸ್ಟನ್ ತುದಿ ಮುಟ್ಟುವ ಮುನ್ನವೇ ಕಿಡಿ ಹಾರಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ 20 ಡಿಗ್ರಿ ಮುಂಚೆ ಎಂದರೆ ಸೆಕೆಂಡಿನ 900ರಲ್ಲೊಂದು ಪಾಲು ಮಾತ್ರ. ಎದುರಿಗೆ ಬರುತ್ತಿರುವ ಉಯ್ಯಾಲೆಯನ್ನು ಬೇಗ ತಳ್ಳಿದರೆ ಕೈಗೇ ಪೆಟ್ಟು. ತಡವಾಗಿ ತಳ್ಳಿದರೆ ಶ್ರಮ ವ್ಯರ್ಥ. ಕಿಡಿಯೂ ಹಾಗೆಯೇ. ಬೇಗ ಹಾರಿದರೆ ಬಡಿತ ಬರುತ್ತದೆ, ಶುರು ಮಾಡುವಾಗ ಹಗ್ಗ ಕೈಯನ್ನು ಹಿಂದಕ್ಕೆಳೆಯುತ್ತದೆ. ತಡವಾದರೆ ಶಕ್ತಿ ಕುಂದಿ ಸೈಲೆನ್ಸರು ಅತಿಯಾಗಿ ಕಾಯುತ್ತದೆ.

ಒತ್ತಡ ಹೆಚ್ಚಿಸಿದರೆ ಕಿಡಿಯನ್ನು ತುಸು ತಡಮಾಡಲೇಬೇಕು. ಆದರೆ ಅನೇಕ ಸಣ್ಣ ಪಂಪುಗಳಲ್ಲಿ ಕಿಡಿಯ ಹೊತ್ತು ಫ್ಲೈವೀಲಿನಲ್ಲೇ ನಿಗದಿಯಾಗಿರುತ್ತದೆ, ಬದಲಿಸಲು ಬರುವುದಿಲ್ಲ. ಆದುದರಿಂದ ‘ಹೆಡ್ ತೇಯಿಸಿದರೆ ನೀರು ಹೆಚ್ಚು ಬರುತ್ತದೆ’ ಎಂಬ ಮಾತಿಗೆ ಮರುಳಾಗಬೇಡಿ.

ಎಣ್ಣೆಯ ಗುಣ

ಬಡಿತವನ್ನು ತಡೆಯುವ ಎಣ್ಣೆಯ ಗುಣಕ್ಕೆ ಆಕ್ಟೇನ್ ಎನ್ನುತ್ತಾರೆ. ಸೀಮೆಎಣ್ಣೆಯಲ್ಲಿ ಅದು ಬಹಳ ಕಡಿಮೆ. ನಾಲ್ಕು ಕಾಸು ಉಳಿಸಲು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದರೆ ಬಡಿತವನ್ನು ಕರೆದು ತಂದಂತೆ. ಈಗ ಪೆಟ್ರೋಲಿಗೆ ನೂರಕ್ಕೆ 20ರವರೆಗೆ ಎಥೆನಾಲ್ ಸೇರಿಸುತ್ತಾರೆ. ನಮ್ಮ ಕಬ್ಬಿನ ಕಾಕಂಬಿಯಿಂದಲೂ ತಯಾರಾಗುವ ಈ ದ್ರವ ಬಡಿತವನ್ನು ತಡೆಯುತ್ತದೆ. ಆದರೆ ಅದು ನೀರನ್ನು ಹೀರುತ್ತದೆ. ಹಳೆಯ ರಬ್ಬರ್ ಪೈಪನ್ನು ಕೆಡಿಸಬಲ್ಲದು.

ನೆನಪಿಡಬೇಕಾದ ಅಂಶಗಳು

1. ಬಡಿತ ಕೇಳಿದ ಕೂಡಲೇ ವೇಗ ತಗ್ಗಿಸಿ ಎಂಜಿನ್ ನಿಲ್ಲಿಸಿರಿ, ಆರಲು ಬಿಡಿರಿ.
2. ಹೆಡ್ಡಿನೊಳಗೆ ಕಟ್ಟಿದ ಮಸಿಯನ್ನು ತೆಗೆಸಿರಿ. ಮಸಿ ಜಾಗವನ್ನು ಕಿರಿದುಮಾಡಿ ಒತ್ತಡ ಹೆಚ್ಚಿಸುತ್ತದೆ.
3. ಗಾಳಿ ತಾಗುವ ರೆಕ್ಕೆಗಳಲ್ಲಿನ ಕೆಸರು, ಹುಲ್ಲನ್ನು ತೆಗೆಯಿರಿ.
4. ಕಂಪನಿ ಹೇಳಿದ ಪ್ಲಗ್ಗನ್ನೇ ಹಾಕಿರಿ.
5. ಫ್ಲೈವೀಲಿನ ಚಾವಿ ಅರ್ಧ ಕತ್ತರಿಸಿದ್ದರೂ ಕಿಡಿಯ ಹೊತ್ತು ತಪ್ಪುತ್ತದೆ; ನೋಡಿಸಿರಿ.
6. ಹಂಗಾಮು ಮುಗಿದ ಮೇಲೆ ಟ್ಯಾಂಕು ಬರಿದುಮಾಡಿ ಇಡಿರಿ.

ನಾಟಿಗೆ ಮುನ್ನ ಒಂದು ದಿನ ಎಂಜಿನ್ನಿಗೆ ಮೀಸಲಿಡಿರಿ. ಆ ಒಂದು ದಿನದ ಆರೈಕೆ ಇಡೀ ಪೈರನ್ನು ಕಾಯಬಲ್ಲದು.